ಇನ್ನೂ ಬಂದಿಲ್ಲ, ಅಷ್ಟೆ

ನಮ್ಮಕ್ಕನ ಮಗ ಸುಹಾಸ 2022ರ ಕೊನೆಯಲ್ಲಿ ಇನ್ಫರ್ಮೇಶನ್ ಸೈನ್ಸ್ ಓದಲು ತಿಪಟೂರಿನಿಂದ ರಾಜಾಜಿನಗರದ ನಮ್ಮ ಮನೆಗೆ ಬಂದಾಗ ಜೊತೆಯಲ್ಲಿ ಮೂರು ಸಾಮಾನು ಬಂದವು: ಒಂದು ಸೂಟ್‌ಕೇಸು, ಒಂದು ಚೀಲ ಕೊಬ್ಬರಿ, ಒಂದು ಲ್ಯಾಪ್‌ಟಾಪು. ನಾಲ್ಕನೆಯದಾದ ಮೈಂಡ್‌ಸೆಟ್ಟು ಆರು ತಿಂಗಳು ತಡವಾಗಿ ಬಂತು. ಸೂಟ್‌ಕೇಸು ಅಟ್ಟ ಸೇರಿತು, ಕೊಬ್ಬರಿ ಚಟ್ನಿಪುಡಿಯಾಯಿತು, ಲ್ಯಾಪ್‌ಟಾಪು ಅವನ ಕೋಣೆಯಲ್ಲಿದೆ. ಮೈಂಡ್‌ಸೆಟ್ಟು ಮಾತ್ರ ನಡುಮನೆಯಲ್ಲೇ ಕಾಲು ಚಾಚಿಕೊಂಡು ಕೂತಿದೆ. ಓಡಾಡುವವರೆಲ್ಲ ಅದನ್ನು ಎಡವುತ್ತೇವೆ.

ಇಂಥವನು ನಮ್ಮ ಮನೆಯಲ್ಲಿ ಮಾತ್ರ ಇದ್ದಾನೆಂದು ನಾನು ಜಂಬ ಕೊಚ್ಚಿಕೊಳ್ಳುವುದಿಲ್ಲ. ನಿಮ್ಮಲ್ಲೂ ಒಬ್ಬನಿರಬಹುದು, ಇಲ್ಲದಿದ್ದರೆ ಎದುರುಮನೆಯಲ್ಲಿ ಖಂಡಿತ ಇದ್ದಾನೆ. ಬೆಳಗ್ಗೆ ಮಹಾಲಕ್ಷ್ಮಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಲ್ಲಿ ನೋಡಿ. ಕಿವಿಯಲ್ಲಿ ಯಾರದೋ ಉಪದೇಶವನ್ನು ಎರಡರಷ್ಟು ವೇಗದಲ್ಲಿ ಕೇಳುತ್ತಾ, ಅರ್ಧದಷ್ಟು ವೇಗದಲ್ಲಿ ಹತ್ತುತ್ತಾ, ಹಿಂದೆ ಬರುವವರಿಗೆಲ್ಲ ಅಡ್ಡವಾಗಿರುವ ಹುಡುಗ ಅವನೇ. ಕೈಯಲ್ಲಿ ಎರಡು ಲೀಟರಿನ ಬಾಟಲಿ ಇರುತ್ತದೆ. ಅದರ ಮೇಲೆ ಎಷ್ಟು ಗಂಟೆಗೆ ಎಷ್ಟು ನೀರು ಕುಡಿಯಬೇಕೆಂದು ಗೆರೆ ಹಾಕಿರುತ್ತದೆ. ಬಾಯಾರಿಕೆ ಎಂಬ ಹಳೆಯ ಪದ್ಧತಿಯನ್ನು ಇವರು ಕೈಬಿಟ್ಟಿದ್ದಾರೆ.

ಮೊದಲ ವರ್ಷದಲ್ಲಿ ಅವನಿಗೆ ಮ್ಯಾಥ್ಸ್ ಹೋಯಿತು, ಹುಡುಗರ ಭಾಷೆಯಲ್ಲಿ ಬ್ಯಾಕ್. ಮನೆಯಲ್ಲಿ ಸೂತಕದ ಕಳೆ. ನಾನು 1981ರಲ್ಲಿ ಗುಮಾಸ್ತನಾಗಿ ಸೇರಿ 36 ವರ್ಷ ಬ್ಯಾಂಕಿನಲ್ಲಿದ್ದವನು, ಆದರೆ ಈ ಬ್ಯಾಕಿನ ಸಂಗತಿ ನನಗೆ ಹೊಸದು. ಸಮಾಧಾನ ಹೇಳೋಣವೆಂದು ಕೋಣೆಗೆ ಹೋದರೆ ಅವನೇ ನನ್ನನ್ನು ಸಮಾಧಾನಪಡಿಸಿದ.

“ಬ್ಯಾಕ್ ಅಲ್ಲ ಮಾವ, ಫೀಡ್‌ಬ್ಯಾಕ್.”

“ಅಂದ್ರೆ ಪಾಸಾಗಿದ್ದೀಯೇನೋ?”

“ಪಾಸು, ಫೇಲು ಅನ್ನೋದೆಲ್ಲ ಫಿಕ್ಸೆಡ್ ಮೈಂಡ್‌ಸೆಟ್. ನಂಗೆ ಮ್ಯಾಥ್ಸ್ ಬರಲ್ಲ ಅಂತಲ್ಲ. ಇನ್ನೂ ಬಂದಿಲ್ಲ, ಅಷ್ಟೆ.”

ಈ “ಇನ್ನೂ” ಎಂಬುದನ್ನು ನಾನು ಮೊದಲು ಕೇಳಿದ್ದು ಅವನ ಬಾಯಲ್ಲಲ್ಲ. ಸಾಲ ವಸೂಲಿಗೆ ಹೋದಾಗ ನಮ್ಮ ಗಿರಾಕಿಗಳು ಇದೇ ಧಾಟಿಯಲ್ಲಿ ಮಾತಾಡುತ್ತಿದ್ದರು. “ಕಟ್ಟಲ್ಲ ಅಂತಲ್ಲ ಸಾರ್, ಇನ್ನೂ ಕಟ್ಟಿಲ್ಲ, ಅಷ್ಟೆ.” ಅವರೆಲ್ಲ ಎಂಥ ಗ್ರೋತ್ ಮೈಂಡ್‌ಸೆಟ್ಟಿನ ಜನ ಎಂದು ಆಗ ನನಗೆ ತಿಳಿಯಲಿಲ್ಲ. ಸುಮ್ಮನೆ ನೋಟಿಸು ಕೊಟ್ಟುಬಿಟ್ಟೆ.

ಈ ಮೈಂಡ್‌ಸೆಟ್ಟಿನ ಬಗ್ಗೆ ಹುಡುಗ ಕೊಟ್ಟ ಪುಸ್ತಕವನ್ನು ಓದಿದೆ. ನಿವೃತ್ತನಿಗೆ ಇನ್ನೇನು ಕೆಲಸ? ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರದ ಪ್ರೊಫೆಸರಮ್ಮ 2006ರಲ್ಲಿ ಬರೆದದ್ದು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಹೆಚ್ಚಾಗುವುದಿಲ್ಲ ಎಂದು ನಂಬಿದವರು ಸೋತಾಗ ಕೈಚೆಲ್ಲುತ್ತಾರೆ. ಸಾಧನೆಯಿಂದ ಬೆಳೆಯುತ್ತದೆ ಎಂದು ನಂಬಿದವರು ಬೇರೆ ದಾರಿ ಹುಡುಕುತ್ತಾರೆ. ಮೊದಲನೆಯದು ಫಿಕ್ಸೆಡ್ ಮೈಂಡ್‌ಸೆಟ್ಟು, ಎರಡನೆಯದು ಗ್ರೋತ್. ಮಾತು ನ್ಯಾಯವಾಗಿಯೇ ಇದೆ. ಆಕೆಯೇ ಮುಂದೆ, “ಪ್ರಯತ್ನ ಪಟ್ಟೆಯಲ್ಲ, ಶಹಬಾಸ್” ಎಂದು ಬೆನ್ನು ತಟ್ಟಿ ಸುಮ್ಮನಾಗುವುದು ಇದರ ಅರ್ಥವಲ್ಲ, ಅದು ಸುಳ್ಳು ಗ್ರೋತ್ ಮೈಂಡ್‌ಸೆಟ್ಟು ಎಂದು ಬಿಡಿಸಿ ಹೇಳಬೇಕಾಯಿತು. ನಮ್ಮವನು ಆ ಭಾಗದವರೆಗೆ ಹೋಗಿರಲಿಲ್ಲ. ಪುಸ್ತಕದ ನಲವತ್ತನೇ ಪುಟದಲ್ಲಿ ಬಸ್ ಟಿಕೆಟ್ಟೊಂದು ಗುರುತಿಗೆ ಸಿಕ್ಕಿಸಿತ್ತು, ಅದರ ಮುಂದಿನ ಪುಟಗಳು ಅಂಗಡಿಯಿಂದ ಬಂದ ಹಾಗೇ ಗರಿಗರಿಯಾಗಿದ್ದವು.

ನಮ್ಮಕ್ಕನ ಕಾಲದಲ್ಲಿ ಇಂಥ ಕೆಲಸಕ್ಕೆಲ್ಲ ಒಂದೇ ಕತೆ ಸಾಕಾಗುತ್ತಿತ್ತು: ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಕೂತು ಓದಿದರಂತೆ. ಈಗಲೂ ತಿಪಟೂರಿನಿಂದ ಫೋನು ಮಾಡಿದಾಗಲೆಲ್ಲ ಅದನ್ನು ಹೇಳುತ್ತಾಳೆ. ಮಗ ಅದನ್ನು ತನ್ನ ರೀತಿಯಲ್ಲಿ ಅರ್ಥಮಾಡಿಕೊಂಡ. ಓದುವುದಕ್ಕೆ ಮುಖ್ಯವಾದದ್ದು ದೀಪ. ಮೂರು ಬಣ್ಣಕ್ಕೆ ತಿರುಗುವ ಎಲ್‌ಇಡಿ ದೀಪ ಬಂತು. ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಮಾನಿಟರು ಬಂತು. ಒತ್ತಿದರೆ ನಮ್ಮ ಹಳೇ ಬ್ರಾಂಚಿನ ಟೈಪಿಸ್ಟು ಎದ್ದು ಬಂದಂತೆ ಟಕಟಕ ಸದ್ದು ಮಾಡುವ ಕೀಬೋರ್ಡು ಬಂತು. ಅಷ್ಟರಲ್ಲಿ ಕುರ್ಚಿ ಸರಿಯಿಲ್ಲವೆಂದು ತಿಳಿಯಿತು. ಇದೆಲ್ಲದರ ಒಟ್ಟು ಹೆಸರು “ಸೆಟಪ್”. ಮೂರು ತಿಂಗಳು ಸೆಟಪ್ ನಡೆಯಿತು. ಮದುವೆಮನೆಗೆ ಚಪ್ಪರ ಹಾಕಿದವರು ಚಪ್ಪರದ ಅಂದ ನೋಡುತ್ತಾ ಹೆಣ್ಣು ಗೊತ್ತುಮಾಡುವುದನ್ನೇ ಮರೆತಂತೆ.

ಆಮೇಲೆ ಕೋರ್ಸುಗಳು. 3,499 ರೂಪಾಯಿಯ ಕೋರ್ಸು ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ 449 ರೂಪಾಯಿ. ಆ ರಾತ್ರಿ ಹನ್ನೆರಡು ಎಂಬುದು ನಾನು ನೋಡಿದ ಹಾಗೆ ಎರಡು ವರ್ಷದಿಂದ ದಿನಾ ಬರುತ್ತಿದೆ. ಚಿಕ್ಕಪೇಟೆಯ ಆಷಾಢದ ಸೇಲಿಗಾದರೂ ಒಂದು ಶ್ರಾವಣವಿರುತ್ತದೆ, ಇದಕ್ಕೆ ಅದೂ ಇಲ್ಲ. ಹದಿನಾಲ್ಕು ಕೋರ್ಸು ಕೊಂಡ. ಒಂದು ದಿನ ಇಣುಕಿ ನೋಡಿದೆ. ಪೈಥಾನ್ ನೂರಕ್ಕೆ ಏಳು ಮುಗಿದಿತ್ತು, ಜಾವಾ ನಾಲ್ಕು, ಇನ್ನೊಂದು ಬರೀ ಎರಡು. ಎಲ್ಲದರಲ್ಲೂ ಮೊದಲ ಅಧ್ಯಾಯ ಇನ್‌ಸ್ಟಾಲೇಶನ್ನು. ಅದರಲ್ಲಿ ಅವನು ಪಾರಂಗತ. 1978ರಲ್ಲಿ ಕರ್ನಿಘನ್, ರಿಚಿ ಎಂಬಿಬ್ಬರು ಸಿ ಭಾಷೆಯ ಪುಸ್ತಕ ಬರೆದಾಗ ಮೊಟ್ಟಮೊದಲ ಪಾಠದಲ್ಲಿ ಪರದೆಯ ಮೇಲೆ “ಹಲೋ, ವರ್ಲ್ಡ್” ಎಂದು ಮೂಡಿಸುವುದನ್ನು ಹೇಳಿಕೊಟ್ಟರು. ಅಂದಿನಿಂದ ಯಾವ ಹೊಸ ಭಾಷೆ ಕಲಿತರೂ ಮೊದಲು ಜಗತ್ತಿಗೊಂದು ನಮಸ್ಕಾರ ಹಾಕುವುದು ಆ ಕಸುಬಿನ ಶಾಸ್ತ್ರ. ನಮ್ಮ ಸುಹಾಸ ಒಂಬತ್ತು ಭಾಷೆಗಳಲ್ಲಿ ನಮಸ್ಕಾರ ಹಾಕಿದ್ದಾನೆ. ಜಗತ್ತು ಒಂದರಲ್ಲೂ ತಿರುಗಿ ಮಾತಾಡಿಸಿಲ್ಲ.

ಐದು ಗಂಟೆಯ ಕತೆಗೆ ಬರುತ್ತೇನೆ. ಬೆಳಗ್ಗೆ ಐದಕ್ಕೆ ಏಳುವವರದೊಂದು ಕ್ಲಬ್ಬಿದೆಯಂತೆ. ರಾಬಿನ್ ಶರ್ಮಾ 2018ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದಿದ್ದಾರೆ. ನಮ್ಮಜ್ಜಿ, ಹಾಲಿನ ಬೂತಿನವನು, ಪೇಪರ್ ಹಾಕುವ ಹುಡುಗ, ಪೌರಕಾರ್ಮಿಕರು ಇವರೆಲ್ಲ ಚಂದಾ ಕಟ್ಟದ ಸದಸ್ಯರೆಂದು ಕಾಣುತ್ತದೆ. ಸುಹಾಸ ಸೇರಿದ ದಿನ ನಾಲ್ಕು ಐವತ್ತೈದಕ್ಕೆ, ಐದಕ್ಕೆ, ಐದೂ ಐದಕ್ಕೆ ಹೀಗೆ ಏಳು ಅಲಾರಂ ಇಟ್ಟ. ಏಳೂ ಹೊಡೆದವು. ನಾನೆದ್ದೆ, ನನ್ನ ಹೆಂಡತಿ ಎದ್ದಳು, ಮೇಲಿನ ಮನೆಯವರು ಎದ್ದು ಕಿಟಕಿ ಹಾಕಿಕೊಂಡರು. ಕ್ಲಬ್ಬಿನ ಸದಸ್ಯ ಮಾತ್ರ ಏಳಲಿಲ್ಲ. ಒಂಬತ್ತಕ್ಕೆ ಕಣ್ಣುಜ್ಜಿಕೊಂಡು ಬಂದು “ಅತ್ತೆ, ಇವತ್ತು ರಿಕವರಿ ಡೇ” ಎಂದ. ನನ್ನ ಹೆಂಡತಿ ಅದನ್ನು ಯಾವುದೋ ಹಬ್ಬವೆಂದುಕೊಂಡು ಅಡುಗೆಗೆ ಏನಾದರೂ ವಿಶೇಷ ಮಾಡಬೇಕೇ ಎಂದು ಕೇಳಿದಳು.

ಅಡುಗೆಮನೆಯವರೆಗೆ ಈ ವಿದ್ಯೆ ಬಂದದ್ದು 2023ರ ಜುಲೈಯಲ್ಲಿ. ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದ ತಿಂಗಳು. ನಮ್ಮ ಮನೆಯ ಸಾರಿಗೆ ಹುಣಸೆಹಣ್ಣೇ ಗತಿಯಾಗಿತ್ತು. ಅಂಥ ಹೊತ್ತಿನಲ್ಲಿ ಇವನು ಬಂದು, “ಅತ್ತೆ, ಇವತ್ತಿಂದ ದಿನಾ ಎಂಟು ಪೊಮೊಡೊರೊ ಮಾಡ್ತೀನಿ” ಎಂದ. ಹಾಗೆಂದರೇನೆಂದು ಕೇಳಿದಳು. ಇಟಲಿ ಭಾಷೆಯಲ್ಲಿ ಟೊಮೆಟೊ ಎಂದ. ದಿನಕ್ಕೆ ಎಂಟು ಟೊಮೆಟೊ ಎಂದು ಕೇಳಿ ಅವಳು ಲಟ್ಟಣಿಗೆ ಹಿಡಿದು ನಿಂತದ್ದನ್ನು ನಾನು ತಪ್ಪೆನ್ನಲಾರೆ. ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಓದಿನಲ್ಲಿ ಮನಸ್ಸು ನಿಲ್ಲದೆ ಟೊಮೆಟೊ ಆಕಾರದ ಅಡುಗೆಮನೆ ಟೈಮರನ್ನು ಮುಂದಿಟ್ಟುಕೊಂಡು, 25 ನಿಮಿಷ ಓದು, 5 ನಿಮಿಷ ವಿರಾಮ ಎಂದು ಲೆಕ್ಕ ಕಟ್ಟಿದನಂತೆ. 1980ರ ದಶಕದ ಕೊನೆಯ ಮಾತು. ಸುಹಾಸ ಆ ವಿದ್ಯೆಯಲ್ಲಿ ಒಂದು ಸಣ್ಣ ಸುಧಾರಣೆ ಮಾಡಿದ. 25 ಮತ್ತು 5 ಹಾಗೇ ಇದ್ದವು, ಜಾಗ ಮಾತ್ರ ಅದಲುಬದಲಾಯಿತು. ಕಡೆಗೆ ನನ್ನ ಹೆಂಡತಿಯೇ ದಾರಿ ತೋರಿಸಿದಳು. “ಬೇಳೆಗೆ ಇಟ್ಟಿದೀನಿ, ಮೂರು ಕೂಗು ಬರೋವರೆಗೆ ಕುರ್ಚಿ ಬಿಟ್ಟು ಏಳಬೇಡ.” ಆ ಮೂರು ಕೂಗಿನಲ್ಲಿ ಅವನು ಓದಿದಷ್ಟು ಯಾವ ಇಟಲಿಯ ಟೊಮೆಟೊದಲ್ಲೂ ಓದಿದ್ದನ್ನು ನಾನು ಕಂಡಿಲ್ಲ.

ನನಗೂ ಅವನಿಗೂ ನಿಜವಾದ ಜಗಳವಾದದ್ದು ನೂರಕ್ಕೆ ಒಂದರ ವಿಷಯದಲ್ಲಿ. ಜೇಮ್ಸ್ ಕ್ಲಿಯರ್ ಅವರ ಅಭ್ಯಾಸಗಳ ಪುಸ್ತಕವೂ 2018ರದೇ. ಆ ವರ್ಷ ಮನುಷ್ಯಕುಲ ಸುಧಾರಿಸದೆ ಉಳಿದದ್ದೇ ಆಶ್ಚರ್ಯ. ಅದರಲ್ಲೊಂದು ಲೆಕ್ಕವಿದೆ. ದಿನಕ್ಕೆ ನೂರಕ್ಕೆ ಒಂದರಷ್ಟು ಉತ್ತಮನಾಗುತ್ತಾ ಹೋದರೆ ವರ್ಷದ ಕೊನೆಗೆ 37 ಪಟ್ಟು ಆಗುತ್ತೀಯೆ. ನಾನು ಕ್ಯಾಲ್‌ಕ್ಯುಲೇಟರ್ ತೆಗೆದೆ. 1.01ನ್ನು 365 ಸಲ ಗುಣಿಸಿದರೆ 37.78. ಲೆಕ್ಕ ಸರಿ. ಆದರೆ ದಿನಕ್ಕೆ ನೂರಕ್ಕೆ ಒಂದು, ಅದೂ ಚಕ್ರಬಡ್ಡಿ! ಮೀಟರ್ ಬಡ್ಡಿಯವರೂ ನಾಚುವ ದರ. ಇಂಥ ಠೇವಣಿ ತೆಗೆದುಕೊಂಡಿದ್ದರೆ ನಮ್ಮ ಬ್ರಾಂಚು ಗೌರಿಹಬ್ಬಕ್ಕೆ ಮುಂಚೆ ಬಾಗಿಲು ಹಾಕಬೇಕಾಗುತ್ತಿತ್ತು.

“ಸರಿ ಕಣೋ, ಹೋದ ವರ್ಷ ಇಂಟರ್ನಲ್ಸಲ್ಲಿ 25ಕ್ಕೆ ಎಷ್ಟು ಬಂದಿತ್ತು?”

“11.”

“37ರಿಂದ ಗುಣಿಸು. ಈ ವರ್ಷ 407 ಬರಬೇಕು. ಎಷ್ಟು ಬಂತು?”

“12.”

“ವರ್ಷಕ್ಕೆ ನೂರಕ್ಕೆ ಒಂಬತ್ತು. ಪರವಾಗಿಲ್ಲ, ನಮ್ಮ ಎಫ್‌ಡಿಗಿಂತ ಜಾಸ್ತೀನೇ ಇದೆ,” ಎಂದೆ.

ಅವನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಾನು “ಟಾಕ್ಸಿಕ್” ಎಂದು ಅತ್ತೆಯ ಬಳಿ ಹೇಳಿದನಂತೆ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ನನ್ನ ಹೆಂಡತಿಗೆ ಇಷ್ಟು ಹೊಂದುವ ಪದ ಹೊಳೆದಿರಲಿಲ್ಲ. ಈಗ ಧಾರಾಳವಾಗಿ ಬಳಸುತ್ತಾಳೆ.

ಇವರ ಇನ್ನೊಂದು ಗೀಳು ಚೌಕಗಳದು. ಗಿಟ್‌ಹಬ್ ಎಂಬ ಕಡೆ ಹುಡುಗರು ತಾವು ಬರೆದ ಪ್ರೋಗ್ರಾಮನ್ನು ಇಡುತ್ತಾರೆ. ಕೆಲಸ ಮಾಡಿದ ದಿನ ಅಲ್ಲಿ ಒಂದು ಪುಟ್ಟ ಚೌಕ ಹಸಿರಾಗುತ್ತದೆ. ಕಂಪನಿಯವರು ಕ್ಯಾಂಪಸ್ಸಿಗೆ ಬಂದಾಗ ಈ ಹಸಿರನ್ನು ನೋಡುತ್ತಾರೆಂಬುದು ಹುಡುಗರ ನಂಬಿಕೆ. ರಾತ್ರಿ ಹನ್ನೊಂದೂ ಐವತ್ತಕ್ಕೆ ನಮ್ಮವನು ಹಾಸಿಗೆಯಿಂದ ಧಡಕ್ಕನೆ ಎದ್ದು, ಕೂತು, ಏನೋ ಒತ್ತಿ, ಮತ್ತೆ ಮಲಗುವುದನ್ನು ಕಂಡು ನನಗೆ ಭಯವಾಗಿತ್ತು. ವಿಚಾರಿಸಿದರೆ, ಒಂದು ದಿನ ವಿವರಣೆಯ ಕಡತದಲ್ಲಿ ಒಂದು ಅಲ್ಪವಿರಾಮ ಹಾಕುತ್ತಾನೆ, ಮರುದಿನ ತೆಗೆಯುತ್ತಾನೆ. ಎರಡೂ ದಿನ ಹಸಿರು. ಮಲೆನಾಡೂ ಇಷ್ಟು ಕಡಿಮೆ ಮಳೆಗೆ ಇಷ್ಟು ಹಸಿರಾಗಿಲ್ಲ.

ಹೀಗಿರುವಾಗ ಮಿನಿ ಪ್ರಾಜೆಕ್ಟ್ ಬಂತು. ನಾಲ್ವರ ತಂಡ. ಇಂಥ ತಂಡಗಳಲ್ಲಿ ಒಬ್ಬರು ಕೋಡು ಬರೆಯುತ್ತಾರೆ, ಒಬ್ಬರು ರಿಪೋರ್ಟು ಬೈಂಡು ಮಾಡಿಸುತ್ತಾರೆ, ಒಬ್ಬರು ಪಿಪಿಟಿ ಮಾಡುತ್ತಾರೆ, ಒಬ್ಬರು ಮೂವರಿಗೂ ಗೋಬಿ ಮಂಚೂರಿ ಕೊಡಿಸುತ್ತಾರೆ. ಸುಹಾಸ ತನಗಾಗಿ ಐದನೆಯದೊಂದು ಹುದ್ದೆ ಸೃಷ್ಟಿಸಿಕೊಂಡ. ತಂಡದ “ವಿಷನ್” ಅವನದು. ವಿಷನ್ ಏನೆಂದರೆ, ಒಳ್ಳೆಯ ಅಭ್ಯಾಸಗಳ ಹಾಜರಿ ತೆಗೆದುಕೊಳ್ಳುವ ಆ್ಯಪು. ಬೆಳಗ್ಗೆ ಐದಕ್ಕೆ ಎದ್ದರೆ ಹಸಿರು ಚೌಕ, ಇಲ್ಲದಿದ್ದರೆ ಕೆಂಪು. ಆದರೆ ಕೋಡು ಬರೆಯುತ್ತಿದ್ದ ಹುಡುಗಿ ತನ್ನ ಅಕ್ಕನ ಮದುವೆಗೆಂದು ಚಿತ್ರದುರ್ಗಕ್ಕೆ ಹೋಗುವವಳು, “ನನ್ ಪಾಲಿನ ಲಾಗಿನ್, ಡೇಟಾಬೇಸ್ ಎಲ್ಲಾ ಮುಗಿಸಿದೀನಿ. ಕ್ಯಾಲೆಂಡರ್ ಸ್ಕ್ರೀನ್ ಒಂದು ನೀನು ಮಾಡು” ಎಂದು ಅವನ ಕೈಗೆ ಕೊಟ್ಟು ಬಸ್ಸು ಹತ್ತಿಬಿಟ್ಟಳು. ಆಕೆಯ ಬಾಯಲ್ಲಿ ಮೈಂಡ್‌ಸೆಟ್ಟೆಂಬ ಪದ ನಾನು ಒಂದು ಸಲವೂ ಕೇಳಿಲ್ಲ.

2025ರ ಫೆಬ್ರವರಿ 19. ಮರುದಿನ ಬೆಳಗ್ಗೆ ಹತ್ತಕ್ಕೆ ಕಾಲೇಜಿನಲ್ಲಿ ಡೆಮೊ.

ಹೊಸ ವರ್ಷದ ದಿನದಿಂದ ತಾನು ಐದಕ್ಕೆ ಎದ್ದ, ಏಳದ ದಿನಗಳನ್ನೆಲ್ಲ ಅವನು ಎಕ್ಸೆಲ್ಲಿನಲ್ಲಿ ಬರೆದಿಟ್ಟಿದ್ದ. ಆ ರಾತ್ರಿ ಅದನ್ನು ಆ್ಯಪಿಗೆ ತುಂಬಿದ. ಹನ್ನೊಂದರ ಹೊತ್ತಿಗೆ ಕೋಣೆಯಿಂದ ಮಾತು ಕೇಳಿಸಿತು. ಫೋನಿನಲ್ಲಿ ಯಾರೊಡನೆಯೋ ಇರಬೇಕೆಂದು ಇಣುಕಿದರೆ, ನಮ್ಮ ದಸರಾ ಪೆಟ್ಟಿಗೆಯ ಶೆಟ್ಟಿ ಬೊಂಬೆಯನ್ನು ಮಾನಿಟರಿನ ಮುಂದೆ ಕೂರಿಸಿಕೊಂಡು ಅದಕ್ಕೆ ಪಾಠ ಹೇಳುತ್ತಿದ್ದ. 1999ರಲ್ಲಿ ಬಂದ ಪ್ರೋಗ್ರಾಮರುಗಳ ಪುಸ್ತಕವೊಂದರಲ್ಲಿ, ತಪ್ಪು ಸಿಕ್ಕದಿದ್ದಾಗ ಒಂದು ರಬ್ಬರ್ ಬಾತುಕೋಳಿಗೆ ನಿನ್ನ ಕೋಡನ್ನು ಸಾಲುಸಾಲಾಗಿ ವಿವರಿಸು, ಹೇಳುತ್ತಾ ಹೇಳುತ್ತಾ ನಿನಗೇ ಹೊಳೆಯುತ್ತದೆ ಎಂಬ ಉಪಾಯವಿದೆಯಂತೆ. ಬಾತುಕೋಳಿ ಸಿಕ್ಕಿರಲಿಲ್ಲ. ಶೆಟ್ಟರು ಮುಂದೆ ಅಕ್ಕಿ ಬೇಳೆ ಹರಡಿಕೊಂಡು, ವ್ಯಾಪಾರ ಕೆಟ್ಟ ಮುಖದಲ್ಲಿ ಕೇಳುತ್ತಿದ್ದರು.

“ಎಐ ಕೇಳಬಾರದೇನೋ? ನಿಮ್ಮವರೆಲ್ಲ ಅದನ್ನೇ ಕೇಳ್ತಾರಲ್ಲ?”

“ಇಪ್ಪತ್ತೊಂದು ದಿನ ಎಐ ಮುಟ್ಟಲ್ಲ ಅಂತ ಚಾಲೆಂಜ್ ತಗೊಂಡಿದೀನಿ ಮಾವ. ಇವತ್ತಿಗೆ ಹದಿನೆಂಟು. ಮುರಿದರೆ ಈ ಆ್ಯಪಲ್ಲೇ ಕೆಂಪು ಬೀಳುತ್ತೆ.”

ಈ ಇಪ್ಪತ್ತೊಂದು ದಿನದ ಮೂಲವನ್ನೂ ನಾನು ಹುಡುಕಿದ್ದೇನೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಮೂಗು ಸರಿಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಹೊಸ ಮುಖ ಒಗ್ಗಲು ಕನಿಷ್ಠ ಇಪ್ಪತ್ತೊಂದು ದಿನ ಬೇಕಾಗುತ್ತದೆಂದು 1960ರ ತನ್ನ ಪುಸ್ತಕದಲ್ಲಿ ಬರೆದ. ಆ “ಕನಿಷ್ಠ” ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಮುಂದೆ ಲಂಡನ್ನಿನ ಸಂಶೋಧಕರು ಲೆಕ್ಕ ಹಾಕಿದಾಗ ಒಂದು ಅಭ್ಯಾಸ ಬೇರೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ, ಕೆಲವರ ಲೆಕ್ಕ 254ರವರೆಗೂ ಹೋಯಿತು. ನಮ್ಮ ಹಿರಿಯರು ಔಷಧಕ್ಕೂ ವ್ರತಕ್ಕೂ ಒಂದು ಮಂಡಲ, ಅಂದರೆ 48 ದಿನ ಎಂದಿದ್ದರು. ಚೌಕಾಸಿಗೆ ಜಾಗ ಬಿಟ್ಟೇ ಹೇಳಿದ್ದರೆನಿಸುತ್ತದೆ.

ಶೆಟ್ಟರನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ನಾನು ಕೂತೆ.

“ಅವರಿಗೆ ಹೇಳಿದ್ದನ್ನೇ ನನಗೂ ಹೇಳು.”

ಪರದೆ ತಿರುಗಿಸಿದ. ಜನವರಿಯ ಪುಟ ಪೂರ್ತಿ ಖಾಲಿ. ಫೆಬ್ರವರಿ ತುಂಬ ಹಸಿರು, ಕೆಂಪು. ಮಾರ್ಚಿಗೆ ಹೋದರೆ ಅಲ್ಲೂ 19ನೇ ತಾರೀಖಿನವರೆಗೆ ಚೌಕ.

“ಮಾರ್ಚ್ ಇನ್ನೂ ಬಂದಿಲ್ಲವಲ್ಲೋ. ಆಗಲೇ ಎದ್ದುಬಿಟ್ಟಿದೀಯಾ?”

“ಅದೇ ಮಾವ ಪ್ರಾಬ್ಲಮ್ಮು. ಇಲ್ಲಿ ನೋಡಿ, ಮಾರ್ಚ್ ಒಂದು, ಎರಡು, ಮೂರು. ಒಂದೊಂದು ದಿನಕ್ಕೆ ಎರಡೆರಡು ಎಂಟ್ರಿ ಇದೆ.”

ನೋಡಿದೆ. ಮಾರ್ಚ್ ಒಂದರಂದು ಅವನು ಐದಕ್ಕೆ ಎದ್ದೂ ಇದ್ದ, ಮಲಗಿಯೂ ಇದ್ದ. ವೇದಾಂತದಲ್ಲಿ ಇದಕ್ಕೆ ಉತ್ತರ ಇರಬಹುದು. ಡೆಮೊದಲ್ಲಿ ಪ್ರೊಫೆಸರು ಒಪ್ಪುವುದು ಕಷ್ಟ.

ಇಲ್ಲಿ ನನ್ನ ಪೂರ್ವಾಶ್ರಮದ ಎರಡು ಮಾತು ಹೇಳದೆ ಗತಿಯಿಲ್ಲ. ಬ್ಯಾಂಕುಗಳಿಗೆ ಯಂತ್ರ ಬರಲೆಂದು ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ನಾವೆಲ್ಲ ಬಾವುಟ ಹಿಡಿದು ಅದಕ್ಕೆ ಧಿಕ್ಕಾರ ಕೂಗಿದವರು. ಅದಕ್ಕೆ ಮುಂಚೆ, ಆಮೇಲೂ ಎಷ್ಟೋ ವರ್ಷ, ಲೆಕ್ಕವೆಲ್ಲ ಕೈಬರಹದ್ದೇ. ಸಂಜೆ ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ ಆಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ರಾತ್ರಿ 27 ರೂಪಾಯಿ ವ್ಯತ್ಯಾಸ ಬಂತು. ಹೊಸದಾಗಿ ಸೇರಿದ್ದ ನಾನು, “ಸಾರ್, 27 ರೂಪಾಯಿ ನಾನೇ ಹಾಕ್ತೀನಿ, ಕೊನೇ ಬಸ್ಸು ಹೋಗುತ್ತೆ” ಎಂದೆ. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಆಮೇಲೆ ನಮ್ಮ ಹೆಡ್ ಕ್ಲರ್ಕು ಹೇಳಿಕೊಟ್ಟರು: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ತಿರುವುಮುರುವು ಬರೆದಿರಬಹುದು, ಮೊದಲು ಅಂಥದನ್ನು ಹುಡುಕು. ರಾತ್ರಿ ಹತ್ತೂವರೆಗೆ ಸಿಕ್ಕಿತು. 63 ಎಂಬಲ್ಲಿ 36 ಎಂದು ಬರೆದಿತ್ತು. ಬರೆದವನು ನಾನೇ. ಅಲ್ಲಿಂದ ಮನೆಯವರೆಗೆ ನಡೆದೇ ಬಂದೆ.

“ಡಿಫರೆನ್ಸು ಒಂಬತ್ತರಿಂದ ಭಾಗ ಹೋಗುತ್ತೇನೋ?” ಎಂದೆ.

“ಮಾವ, ಇದು ತಾರೀಖು.”

“ಸರಿ ಹಾಗಾದ್ರೆ. ಮೊದಲಿಂದ ಹೇಳು.”

ಹೇಳಿದ. ನಾನು ಹೂಂಗುಟ್ಟಿದೆ. ನನಗೆ ನೂರಕ್ಕೆ ಎರಡು ಅರ್ಥವಾಗಿರಬಹುದು, ಅವನ ಕೋರ್ಸುಗಳ ಹಾಗೆ. ಹನ್ನೆರಡಾಯಿತು. ಒಂದಾಯಿತು. ಹಸಿರು ಚೌಕಕ್ಕೆ ಅಲ್ಪವಿರಾಮ ಹಾಕುವುದನ್ನು ಅವನು ಮರೆತ. ನೀರಿನ ಬಾಟಲಿ ಸಂಜೆ ಆರರ ಗೆರೆಯಲ್ಲೇ ನಿಂತಿತ್ತು. ಮೂರು ಬಣ್ಣದ ದೀಪ ಎಷ್ಟು ಹೊತ್ತಿಗೆ ಆರಿತೋ ಇಬ್ಬರೂ ಗಮನಿಸಿರಲಿಲ್ಲ, ಟ್ಯೂಬ್‌ಲೈಟಿನಲ್ಲೇ ನಡೆಯುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಅವನು ಕೀಬೋರ್ಡಿನ ಮೇಲೆ ಹಣೆಯಿಟ್ಟು, “ನಂಗೆ ಇದು ಬರಲ್ಲ ಮಾವ” ಎಂದ. “ಇನ್ನೂ” ಎಂಬುದು ಇರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಇರಲಿಲ್ಲ. ಆ ಪದವನ್ನು ಅಷ್ಟು ಗೇಲಿ ಮಾಡಿದ್ದ ನನಗೇ ಅದು ಎಲ್ಲಿ ಹೋಯಿತೆಂದು ಹುಡುಕುವಂತಾಯಿತು.

“ಜನವರಿ ಒಂದನೇ ತಾರೀಖಿನದು ಎಲ್ಲಿ ಹೋಗಿ ಕೂತಿದೆ?” ಎಂದೆ.

“ಫೆಬ್ರವರಿ ಒಂದಕ್ಕೆ.”

“ಹತ್ತನೇ ತಾರೀಖಿನದು?”

“ಫೆಬ್ರವರಿ ಹತ್ತಕ್ಕೆ. ಎಲ್ಲಾ ಒಂದು ತಿಂಗಳು ಮುಂದೆ.”

“ಒಂದೊಂದು ಎಂಟ್ರೀಲಿ ಒಂದೊಂದು ಥರ ಡಿಫರೆನ್ಸ್ ಬಂದ್ರೆ ಬರೆದವನ ತಪ್ಪು. ಎಲ್ಲಾದರಲ್ಲೂ ಒಂದೇ ಡಿಫರೆನ್ಸ್ ಬಂದ್ರೆ ಎಂಟ್ರಿ ನೋಡಬೇಡ ಕಣೋ. ಓಪನಿಂಗ್ ಬ್ಯಾಲೆನ್ಸ್ ನೋಡು. ಲೆಕ್ಕ ಎಲ್ಲಿಂದ ಶುರುವಾಗಿದೆ ಅಂತ ನೋಡು.”

ಅವನು ಹಣೆ ಎತ್ತಿದ. ಹಣೆಯ ಮೇಲೆ ನಾಲ್ಕು ಕೀಲಿಗಳ ಅಚ್ಚು. “ಎಲ್ಲಿಂದ ಶುರು...” ಎಂದು ಗೊಣಗುತ್ತಾ ಏನೋ ಟೈಪು ಮಾಡಿದ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಬಂತು. ಸೊನ್ನೆ. ಅದನ್ನೇ ನೋಡುತ್ತಾ ಕೂತ.

ಸಂಗತಿ ಇಷ್ಟೆ. ಅವನು ಬರೆಯುತ್ತಿದ್ದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ತಾರೀಖು ಒಂದರಿಂದ ಶುರುವಾಗುತ್ತದೆ, ತಿಂಗಳು ಮಾತ್ರ ಸೊನ್ನೆಯಿಂದ. ಜನವರಿ ಅಂದರೆ ಸೊನ್ನೆ, ಫೆಬ್ರವರಿ ಅಂದರೆ ಒಂದು. ಇವನು ಎಲ್ಲರಂತೆ ಜನವರಿಗೆ ಒಂದು ಕೊಟ್ಟಿದ್ದ, ಅದು ಫೆಬ್ರವರಿಯೆಂದು ಬರೆದುಕೊಂಡಿತ್ತು. ಜನವರಿ 29, 30, 31 ಬಂದಾಗ ಫೆಬ್ರವರಿಯಲ್ಲಿ ಅಷ್ಟು ದಿನವಿಲ್ಲದೆ ತುಳುಕಿ ಮಾರ್ಚ್ 1, 2, 3ಕ್ಕೆ ಹರಿದಿದ್ದವು. ಅತ್ತ ಫೆಬ್ರವರಿ 1, 2, 3ರವೂ ಮಾರ್ಚಿಗೇ ಬಂದು ಕೂತಿದ್ದವು. ಡಬಲ್ ಎಂಟ್ರಿ ಬಂದದ್ದು ಹಾಗೆ. ಬ್ರೆಂಡನ್ ಐಕ್ ಎಂಬಾತ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಈ ಭಾಷೆಯ ಮೊದಲ ರೂಪ ಕಟ್ಟಿದನಂತೆ. ಅದರ ತಾರೀಖಿನ ಲೆಕ್ಕ ಜಾವಾದಿಂದ ಹಾಗೇ ಎತ್ತಿಕೊಂಡದ್ದಂತೆ. ಹತ್ತು ದಿನ! ನಮ್ಮವನ ಸೆಟಪ್ಪಿಗೆ ಮೂರು ತಿಂಗಳು ಹಿಡಿದಿತ್ತು ಎಂದು ನಾನು ಬಾಯಿಬಿಡಲಿಲ್ಲ. ಆ ಹೊತ್ತಿನಲ್ಲಿ ಟಾಕ್ಸಿಕ್ ಆಗುವುದು ಸರಿಯಲ್ಲ.

ಒಂದು ಕಳೆದ. ಅಷ್ಟೇ ತಿದ್ದುಪಡಿ. ಜನವರಿ ತುಂಬಿತು, ಮಾರ್ಚು ಖಾಲಿಯಾಯಿತು. ಅವನು “ಮಾವಾ!” ಎಂದು ಕೂಗಿದ ಕೂಗಿಗೆ ಮೇಲಿನ ಮನೆಯವರು ಮತ್ತೊಮ್ಮೆ ಕಿಟಕಿ ಹಾಕಿಕೊಂಡರು. ನನ್ನ ಹೆಂಡತಿ ಎದ್ದು ಬಂದು ಇಬ್ಬರನ್ನೂ ನೋಡಿ, ಮಾತಾಡದೆ ಒಳಗೆ ಹೋಗಿ ಅವಲಕ್ಕಿಗೆ ಮೊಸರು ಕಲಸಿಕೊಂಡು ಬಂದಳು. ಅದನ್ನು ತಿನ್ನುತ್ತಾ ಅವನು ಇನ್ನೊಂದು ತಪ್ಪು ಕಂಡುಹಿಡಿದ. ಅದನ್ನು ಯಾರೂ ಹೇಳಿರಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಅದನ್ನೂ ತಿದ್ದಿದ. ಆಮೇಲೆ ಮತ್ತೊಂದು. ಲೆಕ್ಕ ಸರಿಹೋದ ಮೇಲೆ ಆ್ಯಪು ನಿಜವನ್ನೂ ತೋರಿಸಿತು: ಐವತ್ತು ದಿನದಲ್ಲಿ ಐದಕ್ಕೆ ಎದ್ದದ್ದು ಒಂಬತ್ತು ದಿನ. ಅವನು ಅದನ್ನು ಮುಚ್ಚಿಡಲಿಲ್ಲ. “ಡೆಮೊಗೆ ಇದೇ ಡೇಟಾ ಇರಲಿ ಮಾವ” ಎಂದು, ಕೂತಲ್ಲೇ ವಾಲಿ ನಿದ್ದೆಹೋದ. ನಾಲ್ಕೂವರೆಯಾಗಿತ್ತು.

ನಾಲ್ಕು ಐವತ್ತೈದಕ್ಕೆ ಮೊದಲನೆಯ ಅಲಾರಂ ಹೊಡೆಯಿತು. ಓಡಿಹೋಗಿ ಒತ್ತಿದೆ. ಏಳನ್ನೂ ಹುಡುಕಿ ಒಂದೊಂದಾಗಿ ಆರಿಸುವ ಹೊತ್ತಿಗೆ ಅವನ ಆ್ಯಪೇ ಫೋನಿನಲ್ಲಿ ಎದ್ದು ಕೂತು ಕೇಳಿತು: “ಇವತ್ತು ಐದಕ್ಕೆ ಎದ್ದಿರಾ?” ಕೆಳಗೆ ಎರಡು ಗುಂಡಿ, ಹೌದು, ಇಲ್ಲ.

“ಹೌದು ಅಂತ ಒತ್ತಿಬಿಡಿ, ಪಾಪ,” ಎಂದಳು ನನ್ನ ಹೆಂಡತಿ ಬಾಗಿಲಲ್ಲಿ ನಿಂತು.

36 ವರ್ಷದ ಸರ್ವಿಸಿನಲ್ಲಿ ಸುಳ್ಳು ಎಂಟ್ರಿ ಹಾಕಿದವನಲ್ಲ ನಾನು. “ಇಲ್ಲ” ಒತ್ತಿದೆ. ಚೌಕ ಕೆಂಪಾಯಿತು. ತಿಂಗಳು ಮಾತ್ರ ಫೆಬ್ರವರಿ ಎಂದೇ ತೋರಿಸುತ್ತಿತ್ತು.